ನಾಟಿಲಸ್‌ನ ಗೋಡೆಯಲ್ಲೊಂದು ತೂತು

ಕಟಲ್‌ಫಿಶ್ ಎಂಬ ಕಡಲ ಜೀವಿಯ ಮೈಯೊಳಗೆ ಒಂದು ಬಿಳಿ ಚಿಪ್ಪಿರುತ್ತದೆ. ಹಗುರವಾದದ್ದು. ಉಗುರಲ್ಲಿ ಗೀರಿದರೂ ಗೆರೆ ಬೀಳುವಷ್ಟು ಮೆದು. ಒಳಗೆಲ್ಲ ತೀರಾ ಸಣ್ಣ ಗೂಡುಗಳು, ಪದರದ ಮೇಲೆ ಪದರ. ಆ ಗೂಡುಗಳಲ್ಲಿ ಗಾಳಿ ಎಷ್ಟಿರಬೇಕು, ನೀರು ಎಷ್ಟಿರಬೇಕು ಅಂತ ಹೊಂದಿಸಿಕೊಂಡೇ ಆ ಜೀವಿ ನೀರಲ್ಲಿ ತೇಲುವುದು. ಅದು ಸತ್ತ ಮೇಲೆ ಚಿಪ್ಪು ಅಲೆಗಳ ಜೊತೆ ದಡಕ್ಕೆ ಬರುತ್ತದೆ. ಸಮುದ್ರದ ನೊರೆ ಅಂತ ಜನ ಹೇಳುವುದು ಇದನ್ನೇ.

ಲೋಹದ ಕೆಲಸದವರಿಗೆ ಇದು ಬಹಳ ಹಿಂದಿನಿಂದ ಗೊತ್ತಿರುವ ಅಚ್ಚು. ಚಿಪ್ಪನ್ನು ಎರಡು ಹೋಳು ಮಾಡಿ, ಒಂದಕ್ಕೊಂದು ಉಜ್ಜಿ ಸಮ ಮಾಡಬೇಕು. ಬೇಕಾದ ಆಕಾರವನ್ನು ಒಳಗೆ ಕೆತ್ತಬೇಕು, ಇಲ್ಲವೇ ಮಾದರಿಯೊಂದನ್ನು ನಡುವೆ ಇಟ್ಟು ಒತ್ತಬೇಕು. ಮೇಲಿಂದ ಲೋಹ ಇಳಿಯಲು ಒಂದು ಬಾಯಿ, ಗಾಳಿ ಹೊರಗೆ ಹೋಗಲು ಸಣ್ಣ ಗೆರೆಗಳು. ಹೋಳುಗಳನ್ನು ಜೋಡಿಸಿ ತಂತಿ ಬಿಗಿದು, ಮೂಸೆಯಲ್ಲಿ ಕರಗಿದ ಬೆಳ್ಳಿಯನ್ನು ಎಲ್ಲೂ ನಿಲ್ಲಿಸದೆ ಸುರಿಯಬೇಕು. ಶುದ್ಧ ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಉಗುರಿಗೆ ಸೋಲುವ ಚಿಪ್ಪು ಅಷ್ಟು ಬಿಸಿಯನ್ನು ತಡೆದುಕೊಳ್ಳುತ್ತದೆ. ಒಂದು ಸಲ ಮಾತ್ರ. ಒಳಮೈ ಸುಟ್ಟು ಕಪ್ಪಾಗುತ್ತದೆ, ಕೂದಲು ಸುಟ್ಟ ವಾಸನೆ ಕೋಣೆ ತುಂಬುತ್ತದೆ. ಬಿಚ್ಚಿ ನೋಡಿದರೆ ಬೆಳ್ಳಿಯ ಮೇಲೆ ನಾನು ಕೆತ್ತದೇ ಇದ್ದ ಗೆರೆಗಳಿರುತ್ತವೆ. ಅಲೆ ಅಲೆಯಾಗಿ, ಸಾಲು ಸಾಲಾಗಿ. ಆ ಜೀವಿ ಪದರ ಪದರವಾಗಿ ಬೆಳೆದದ್ದರ ಗುರುತು ಅವು.

ನಾನು ಟ್ರಾನ್ಸ್ ಮಹಿಳೆ, ಹುಟ್ಟಿದಾಗ ಎಲ್ಲರೂ ಗಂಡು ಅಂದವಳು. ಬೆಳ್ಳಿ ಮತ್ತು ತಾಮ್ರದಲ್ಲಿ ಕಡಲ ಜೀವಿಗಳನ್ನು ಮಾಡುತ್ತೇನೆ. ಈ ಎರಡು ಮಾತಿಗೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಸಂಬಂಧ ಇದೆ. ಅವರು ಊಹಿಸುವ ಸಂಬಂಧ ಅದಲ್ಲ ಅಷ್ಟೆ.

ಹೆಚ್ಚಿನವರು ಊಹಿಸುವುದು ಲಿಂಗ ಬದಲಿಸುವ ಮೀನುಗಳ ವಿಷಯ. ಅದು ನಿಜ, ಚೆಂದದ ವಿಷಯವೂ ಹೌದು. ಕ್ಲೌನ್‌ಫಿಶ್‌ಗಳು ಕಡಲ ಅನಿಮೋನ್ ಎಂಬ ಹೂವಿನಂಥ ಜೀವಿಗಳ ಆಸರೆಯಲ್ಲಿ ಸಣ್ಣ ಗುಂಪಾಗಿ ಬದುಕುತ್ತವೆ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು. ಅದರ ನಂತರದ್ದು ಗಂಡು. ಉಳಿದವು ಇನ್ನೂ ಸಂತಾನಕ್ಕೆ ತೊಡಗದ ಚಿಕ್ಕವು. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗುತ್ತದೆ. ಚಿಕ್ಕವುಗಳಲ್ಲಿ ದೊಡ್ಡದು ಗಂಡಿನ ಜಾಗಕ್ಕೆ ಬರುತ್ತದೆ. ಕೆರಿಬಿಯನ್ ಕಡಲಿನ ಬ್ಲೂಹೆಡ್ ರಾಸ್ ಮೀನುಗಳಲ್ಲಿ ಇದು ಉಲ್ಟಾ. ಅಲ್ಲಿ ದೊಡ್ಡ ಗಂಡು ಇಲ್ಲವಾದರೆ ಗುಂಪಿನ ದೊಡ್ಡ ಹೆಣ್ಣು ಗಂಡಾಗುತ್ತದೆ. ನಡವಳಿಕೆ ಕೆಲವೇ ನಿಮಿಷ, ಗಂಟೆಗಳಲ್ಲಿ ಬದಲಾಗುತ್ತದೆ. ಬಣ್ಣ ಆಮೇಲೆ. ಅಂಡಾಶಯದ ಜಾಗದಲ್ಲಿ ವೃಷಣ ಬಂದು ಕೆಲಸ ಶುರು ಮಾಡುವುದಕ್ಕೆ ಇನ್ನೊಂದಷ್ಟು ದಿನ ಬೇಕು.

ನನ್ನ ಬಗ್ಗೆ ಯಾರಿಗೂ ಹೇಳಿರದ ವರ್ಷಗಳಲ್ಲಿ ಇಂಥ ಸಂಗತಿಗಳನ್ನು ಹುಡುಕಿ ಹುಡುಕಿ ಓದುತ್ತಿದ್ದೆ. ಆಗ ಅವು ನನಗೆ ಬೇಕಾಗಿದ್ದವು. ಜಗತ್ತಿನಲ್ಲಿ ಗಂಡು ಹೆಣ್ಣು ಅಂತ ಎರಡೇ ಡಬ್ಬಿಗಳಿಲ್ಲ ಅಂತ ಯಾರೋ ಹೇಳಬೇಕಿತ್ತು. ಮನುಷ್ಯರು ಹೇಳಲಿಲ್ಲ, ಮೀನುಗಳು ಹೇಳಿದವು.

ಈಗ ವಾದಕ್ಕೆ ಮೀನುಗಳನ್ನು ತರುವುದಿಲ್ಲ. ಮೀನು ಬದಲಾಗುವುದು ಗುಂಪಿನ ಸಂತಾನ ಮುಂದುವರಿಯಲಿಕ್ಕೆ. ಅದಕ್ಕೆ ಹೆಸರಿಲ್ಲ, ಗುರುತಿನ ಚೀಟಿಯಿಲ್ಲ, ಕನ್ನಡಿ ಮುಂದೆ ನಿಂತು ಕಣ್ಣು ತಪ್ಪಿಸುವ ಬೆಳಗುಗಳಿಲ್ಲ. ನಾನು ನನ್ನನ್ನು ತಿಳಿದುಕೊಂಡ ಒಬ್ಬ ಮನುಷ್ಯಳು. ಒಂದು ಮೀನೂ ಲಿಂಗ ಬದಲಿಸದ ಸಮುದ್ರವಿದ್ದಿದ್ದರೂ ನಾನು ಹೀಗೇ ಇರುತ್ತಿದ್ದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಒಪ್ಪಿಕೊಂಡ ಹೊಸ ರೋಗಪಟ್ಟಿ, ಅಂದರೆ ಐಸಿಡಿ-11, ಟ್ರಾನ್ಸ್ ಜನರ ವಿಷಯವನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗೆ ತಂದಿತು. 2022ರಿಂದ ಅದು ಜಾರಿಯಲ್ಲಿದೆ. ಅಲ್ಲಿಗೆ ಮುಟ್ಟಿಸಿದ್ದು ಮನುಷ್ಯರು ತಮ್ಮ ಬದುಕಿನ ಬಗ್ಗೆ ತಾವೇ ಮತ್ತೆ ಮತ್ತೆ ಹೇಳಿದ ಮಾತು. ಮೀನಿನ ಸಾಕ್ಷಿ ಬೇಕಾಗಲಿಲ್ಲ.

ಇನ್ನೊಂದು ಕಾರಣವೂ ಇದೆ. ಅದು ಕಟಲ್‌ಫಿಶ್‌ಗೇ ಸಂಬಂಧಿಸಿದ್ದು. ದಕ್ಷಿಣ ಆಸ್ಟ್ರೇಲಿಯಾದ ವಯಲ್ಲಾ ಪಟ್ಟಣದ ಹತ್ತಿರ ಪ್ರತಿ ಚಳಿಗಾಲದಲ್ಲಿ ದೈತ್ಯ ಕಟಲ್‌ಫಿಶ್‌ಗಳು ಭಾರಿ ಸಂಖ್ಯೆಯಲ್ಲಿ ಸೇರುತ್ತವೆ. ಅಲ್ಲಿ ಚಿಕ್ಕ ಗಂಡುಗಳು ಹೆಣ್ಣಿನ ಬಣ್ಣ, ಹೆಣ್ಣಿನ ಭಂಗಿ ತಳೆದು, ಕಾವಲಿಗಿರುವ ದೊಡ್ಡ ಗಂಡಿನ ಕಣ್ಣು ತಪ್ಪಿಸಿ ಹೆಣ್ಣಿನ ಹತ್ತಿರ ಹೋಗುತ್ತವೆ. ಇದರ ಬಗ್ಗೆ 2005ರಲ್ಲಿ ವಿಜ್ಞಾನಿಗಳು ಬರೆದರು. ಕೇಳಿದವರು ನನ್ನ ಕಡೆ ತಿರುಗಿ, ನೋಡಿ ನಿಮ್ಮ ಹಾಗೆಯೇ ಅಲ್ವಾ, ಅಂತ ಉತ್ಸಾಹದಿಂದ ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುವುದು. ನನಗೆ ಮಾತ್ರ ಮೈ ಜುಮ್ಮೆನ್ನುತ್ತದೆ. ಟ್ರಾನ್ಸ್ ಹೆಂಗಸರ ಮೇಲೆ ಜಗತ್ತು ಹೊರಿಸುವ ಆರೋಪವೇ ಇದು. ವೇಷ ಹಾಕಿದ್ದಾರೆ, ಒಳಗೆ ನುಸುಳಲು ಬಂದಿದ್ದಾರೆ ಅಂತ. ಆ ಚಿಕ್ಕ ಕಟಲ್‌ಫಿಶ್ ಬಗ್ಗೆ ನನಗೆ ಬೇಜಾರಿಲ್ಲ. ಅದು ಅದರ ಉಪಾಯ. ನನ್ನದು ಉಪಾಯ ಅಲ್ಲ. ಹಾಗಾಗಿ ಕಟಲ್‌ಫಿಶ್ ಚಿಪ್ಪಿನಲ್ಲಿ ಎಷ್ಟೋ ಎರಕ ಹೊಯ್ದಿದ್ದರೂ ಕಟಲ್‌ಫಿಶ್‌ನ ಆಕಾರವನ್ನು ನಾನು ಮಾಡಿಲ್ಲ.

ಮೀನುಗಳಿಂದ ನಾನು ಇಟ್ಟುಕೊಂಡದ್ದು ಒಂದೇ ಸಂಗತಿ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು. ಕ್ಲೌನ್‌ಫಿಶ್‌ಗಳ ಮೇಲೆ 2019ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಮೊದಲು ಹೆಣ್ಣಾಗುವುದು ಮೆದುಳು. ದೇಹದ ಗ್ರಂಥಿಗಳು ಹೆಣ್ಣಾಗಲು ಎಷ್ಟೋ ಕಾಲ ಹಿಡಿಯುತ್ತದೆ. ಆ ನಡುವಿನ ಕಾಲದಲ್ಲಿ ಮೀನು ಹೆಣ್ಣಿನ ಹಾಗೆಯೇ ಬದುಕುತ್ತಿರುತ್ತದೆ. ಆ ನಡುವಿನ ಕಾಲ ನನಗೆ ಚೆನ್ನಾಗಿ ಗೊತ್ತು. ಇದು ಪುರಾವೆ ಅಂತ ಹೇಳುತ್ತಿಲ್ಲ. ಓದಿದಾಗ ಕಣ್ಣು ತುಂಬಿ ಬಂತು, ಅಷ್ಟೇ.

ಈಗ ಸುತ್ತಿಗೆಯ ವಿಷಯಕ್ಕೆ ಬರುತ್ತೇನೆ.

ಬೆಳ್ಳಿಯಾಗಲಿ ತಾಮ್ರವಾಗಲಿ, ತಗಡನ್ನು ಬಡಿಯುತ್ತಾ ಹೋದರೆ ಗಟ್ಟಿಯಾಗುತ್ತದೆ. ಲೋಹದೊಳಗೆ ಸಣ್ಣ ಹರಳುಗಳಿವೆ. ಹರಳಿನೊಳಗಿನ ಪರಮಾಣುಗಳ ಸಾಲಿನಲ್ಲಿ ಅಲ್ಲಲ್ಲಿ ತಪ್ಪಿದ ಜಾಗಗಳಿವೆ. ಆ ತಪ್ಪಿದ ಗೆರೆಗಳು ಸರಿದಾಡುವುದರಿಂದಲೇ ಲೋಹ ಬಾಗುವುದು. ಪ್ರತಿ ಏಟಿಗೂ ಇಂಥ ಗೆರೆಗಳು ಹೆಚ್ಚುತ್ತವೆ. ಹೆಚ್ಚಿದಷ್ಟೂ ಒಂದಕ್ಕೊಂದು ಸಿಕ್ಕು ಬಿದ್ದು ಯಾವುದೂ ಸರಿಯದಂತಾಗುತ್ತವೆ. ಆಗ ಸುತ್ತಿಗೆಯ ಸದ್ದೇ ಬದಲಾಗುತ್ತದೆ. ಮಂದವಾಗಿ ಕೇಳುತ್ತಿದ್ದದ್ದು ಠಣ್ ಅನ್ನತೊಡಗುತ್ತದೆ. ಇನ್ನೂ ಬಡಿದರೆ ಅಂಚಿನಲ್ಲಿ ಬಿರುಕು.

ಆ ಸದ್ದು ಬಂದ ಕೂಡಲೇ ಕಾಯಿಸಿ ಹದ ಮಾಡಬೇಕು. ನಾವು ಹೆಚ್ಚಾಗಿ ಬಳಸುವ ಸ್ಟರ್ಲಿಂಗ್ ಬೆಳ್ಳಿಯಲ್ಲಿ ಶೇ. 92.5 ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಇದನ್ನು ಸುಮಾರು 650 ಡಿಗ್ರಿಗೆ ತರಬೇಕು. ಕೋಣೆಯ ದೀಪ ಆರಿಸಿದರೆ ಮಾತ್ರ ಕಾಣುವ ಮಸುಕು ಕೆಂಪು ಅದು. ಆ ಬಿಸಿಯಲ್ಲಿ ಸಿಕ್ಕು ಬಿದ್ದ ಹರಳುಗಳ ಜಾಗದಲ್ಲಿ ಹೊಸ ಹರಳುಗಳು ಹುಟ್ಟುತ್ತವೆ. ತಗಡು ಮತ್ತೆ ಮೆದುವಾಗುತ್ತದೆ. ಕೊಟ್ಟ ಆಕಾರ ಎಲ್ಲೂ ಹೋಗಿರುವುದಿಲ್ಲ. ಏಟಿನ ಗುರುತು ಇರುತ್ತದೆ, ಗಡಸುತನ ಇರುವುದಿಲ್ಲ. ಇದನ್ನು ಮೊದಲು ಕಲಿತಾಗ ನನಗೆ ನಂಬಲಾಗಲಿಲ್ಲ. ಮೆದುವಾಗಬೇಕಾದರೆ ಪಡೆದ ಆಕಾರವನ್ನೆಲ್ಲ ಬಿಟ್ಟುಕೊಡಬೇಕು ಅಂತ ನಾನು ತಿಳಿದಿದ್ದೆ. ಮೈಯನ್ನು, ಮಾತನ್ನು, ನಡಿಗೆಯನ್ನು ಬಿಗಿ ಹಿಡಿದುಕೊಂಡು ಬೆಳೆದವಳು ನಾನು.

ನನಗೆ ಕೆಲಸ ಕಲಿಸಿದ ಗುರುಗಳಿಗೆ ವಯಸ್ಸಾಗಿತ್ತು. ನಾನು ಹೆಣ್ಣಿನ ಹಾರ್ಮೋನ್ ತಗೊಳ್ಳಲು ಶುರು ಮಾಡುವ ಮೊದಲು ಅವರಿಗೆ ವಿಷಯ ಹೇಳಿದೆ. ಎಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಕೇಳಿದ್ದು ಇಷ್ಟು:

"ಅದನ್ನ ತಗೊಂಡರೆ ಕೈ ಬಲ ಕಡಿಮೆ ಆಗುತ್ತಾ?"

"ಸ್ವಲ್ಪ ಆಗಬಹುದು ಅಂತ ಡಾಕ್ಟರ್ ಹೇಳಿದಾರೆ ಗುರುಗಳೇ."

"ಹಾಗಾದ್ರೆ ಇನ್ಮೇಲೆ ಜಾಸ್ತಿ ಸಲ ಕಾಯಿಸು. ಸುತ್ತಿಗೆ ಚಿಕ್ಕದು ತಗೋ."

ಮಾರನೇ ದಿನ ಹಿಡಿ ಸವೆದ ಒಂದು ಚಿಕ್ಕ ಸುತ್ತಿಗೆ ನನ್ನ ಮಣೆಯ ಮೇಲಿತ್ತು. ಇವತ್ತಿಗೂ ಅದರಲ್ಲೇ ಕೆಲಸ. ಅವರ ಬಗ್ಗೆ ಬರೆಯುವಾಗ ನನಗೆ ಗಂಟಲು ಕಟ್ಟುತ್ತದೆ. ನನ್ನ ಬದುಕಿನ ಅತಿ ದೊಡ್ಡ ಸುದ್ದಿಗೆ ಅವರು ಕೊಟ್ಟದ್ದು ಕೆಲಸದ ಉತ್ತರ. ನೀನು ಇಲ್ಲೇ ಇರುತ್ತೀಯ, ಇದೇ ಕೆಲಸ ಮಾಡುತ್ತೀಯ ಅನ್ನುವುದು ಅದರಲ್ಲಿತ್ತು.

ಆ ಸುತ್ತಿಗೆಯಲ್ಲಿ ಮಾಡಿದ ಮೊದಲ ದೊಡ್ಡ ಕೆಲಸ ತಾಮ್ರದ ಏಡಿ. ತಾಮ್ರವೇ ಯಾಕೆ ಅಂದರೆ ಏಡಿಯ ರಕ್ತದಲ್ಲಿ ಇರುವುದು ತಾಮ್ರ. ನಮ್ಮ ರಕ್ತದಲ್ಲಿ ಕಬ್ಬಿಣ ಮಾಡುವ ಕೆಲಸವನ್ನು ಏಡಿ, ಆಕ್ಟೋಪಸ್, ಕಟಲ್‌ಫಿಶ್‌ಗಳಲ್ಲಿ ತಾಮ್ರ ಮಾಡುತ್ತದೆ. ಆಮ್ಲಜನಕ ಸೇರಿದಾಗ ಅವುಗಳ ರಕ್ತ ನೀಲಿ. ನನ್ನ ಮಣೆಯ ಮೇಲಿರುವ ಲೋಹವೇ ಒಂದು ಜೀವಿಯ ಮೈಯಲ್ಲಿ ಉಸಿರು ಹೊತ್ತು ಓಡಾಡುತ್ತಿದೆ ಅನ್ನುವುದು ನನಗೆ ಬಹಳ ದಿನ ಗುಂಗು ಹಿಡಿಸಿತ್ತು.

ನಾನು ಮಾಡಿದ್ದು ಏಡಿಯನ್ನಲ್ಲ, ಏಡಿ ಕಳಚಿ ಹೋದ ಚಿಪ್ಪನ್ನು. ಏಡಿಯ ಚಿಪ್ಪು ಮೈಯ ಜೊತೆ ಬೆಳೆಯುವುದಿಲ್ಲ. ಬೆಳೆಯಬೇಕಾದರೆ ಕಳಚಲೇಬೇಕು. ಕಳಚುವ ಮೊದಲೇ ಹಳೆಯದರ ಕೆಳಗೆ ಮೆತ್ತಗಿನ ಹೊಸದು ತಯಾರಾಗಿರುತ್ತದೆ. ಹಳೆಯ ಚಿಪ್ಪಿನ ಸುಣ್ಣದಲ್ಲಿ ಒಂದಷ್ಟನ್ನು ಮೈಯೊಳಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ನೀರು ಹೀರಿ ಉಬ್ಬುತ್ತದೆ. ಚಿಪ್ಪು ಹಿಂಬದಿಯಲ್ಲಿ ಬಿರಿಯುತ್ತದೆ, ಏಡಿ ಹಿಂದುಹಿಂದಕ್ಕೆ ಸರಿಯುತ್ತಾ ಹೊರಬರುತ್ತದೆ. ಕಾಲುಗಳಷ್ಟೇ ಅಲ್ಲ, ಕಣ್ಣಿನ ಕಾಂಡ, ಕಿವಿರು, ಹೊಟ್ಟೆಯ ಒಳಪದರ ಎಲ್ಲದರ ಹೊದಿಕೆಯೂ ಅಲ್ಲೇ ಉಳಿಯುತ್ತದೆ. ಹೊಸ ಮೈ ಗಟ್ಟಿಯಾಗುವ ತನಕ ಏಡಿ ಕಲ್ಲಿನ ಸಂದಿಯಲ್ಲಿ ಅಡಗಿರುತ್ತದೆ. ಆಗ ಯಾರು ಬೇಕಾದರೂ ಅದನ್ನು ತಿನ್ನಬಹುದು. ಹಾರ್ಮೋನ್ ಶುರುವಾದ ಮೊದಲ ದಿನಗಳಲ್ಲಿ ನಾನು ಯಾಕೆ ಫೋನ್ ಎತ್ತುತ್ತಿರಲಿಲ್ಲ ಅಂತ ಬೇಸರ ಮಾಡಿಕೊಂಡ ಗೆಳೆಯರಿಗೆ ಈ ಸಂದಿಯನ್ನು ತೋರಿಸಬೇಕು ಅನಿಸುತ್ತದೆ.

ದಡದಲ್ಲಿ ಸತ್ತು ಬಿದ್ದಿವೆ ಅಂದುಕೊಳ್ಳುವ ಎಷ್ಟೋ ಏಡಿಗಳು ನಿಜಕ್ಕೂ ಹೀಗೆ ಬಿಟ್ಟುಹೋದ ಚಿಪ್ಪುಗಳು. ಎತ್ತಿ ನೋಡಿದರೆ ಗೊತ್ತಾಗುತ್ತದೆ. ಭಾರವಿಲ್ಲ. ಕೊಳೆತ ವಾಸನೆಯಿಲ್ಲ. ಹಿಂಬದಿಯಲ್ಲಿ ಸೀಳು ಇದೆ.

ತಗಡಿನಲ್ಲಿ ಇದನ್ನು ತೆಗೆಯುವುದು ನಿಧಾನದ ಕೆಲಸ. ಬಟ್ಟಲಿನಲ್ಲಿ ರಾಳ ಕರಗಿಸಿ, ಅದರ ಮೇಲೆ ತಾಮ್ರದ ತಗಡನ್ನು ಬೋರಲು ಕೂರಿಸಬೇಕು. ಹಿಂದಿನಿಂದ ಮೊಂಡು ಉಳಿಗಳಲ್ಲಿ ಒತ್ತುತ್ತಾ ಉಬ್ಬುಗಳನ್ನು ಮುಂದಕ್ಕೆ ತಳ್ಳಬೇಕು. ಕೆಲಸ ಮಾಡುವಾಗ ಕಾಣುವುದು ಹಿಂಬದಿ ಮಾತ್ರ. ಉಬ್ಬಬೇಕಾದದ್ದೆಲ್ಲ ಅಲ್ಲಿ ತಗ್ಗಾಗಿರುತ್ತದೆ. ಎಡ ಬಲವಾಗಿರುತ್ತದೆ. ಮುಖ ಏನಾಗಿದೆ ಅಂತ ನೋಡಲು ರಾಳ ಬಿಸಿ ಮಾಡಿ ತಗಡನ್ನು ಎಬ್ಬಿಸಬೇಕು. ಅಂಟಿದ ರಾಳ ತೆಗೆದು, ಕಾಯಿಸಿ ಹದ ಮಾಡಿ, ಆಸಿಡ್ ನೀರಲ್ಲಿ ಕಪ್ಪು ಕಳೆದು, ಈಗ ಮುಖ ಮೇಲೆ ಮಾಡಿ ಮತ್ತೆ ರಾಳಕ್ಕೆ. ಈ ಕಡೆಯಿಂದ ಅಂಚುಗಳನ್ನು ಚೂಪು ಮಾಡುವುದು. ಮತ್ತೆ ಹಿಂಬದಿ. ಮತ್ತೆ ಮುಂಬದಿ. ನನ್ನ ಬದುಕಿನಲ್ಲಿ ಬಹುಕಾಲ ಕೆಲಸ ನಡೆದದ್ದು ಹಿಂಬದಿಯಿಂದಲೇ. ಹೊರಗಿನವರಿಗೆ ಏನೂ ಕಾಣುತ್ತಿರಲಿಲ್ಲ. ನನಗೂ ಪೂರ್ತಿ ಕಾಣುತ್ತಿರಲಿಲ್ಲ. ಕೈಗೆ ಮಾತ್ರ ಗೊತ್ತಿತ್ತು.

ಏಡಿ ಮುಗಿದ ಮೇಲೆ ಅಮ್ಮನಿಗೆ ತೋರಿಸಿದೆ. ಅದಕ್ಕೆ ಕಾರಣವಿತ್ತು. ಅದಕ್ಕೂ ಕೆಲವು ತಿಂಗಳ ಹಿಂದೆ ಅಮ್ಮ, "ನನ್ನ ಮಗ ತೀರಿಕೊಂಡ ಅನ್ನಿಸುತ್ತೆ ಕಣೆ" ಅಂದಿದ್ದಳು. ಟ್ರಾನ್ಸ್ ಮಕ್ಕಳ ತಂದೆ ತಾಯಿ ಎಷ್ಟೋ ಜನ ಇದನ್ನು ಹೇಳುತ್ತಾರೆ. ಎದುರಿಗೆ ಉಸಿರಾಡುತ್ತಾ ಕೂತ ಮಗುವಿಗೆ ಈ ಮಾತು ಹೇಗೆ ತಾಗುತ್ತದೆ ಅಂತ ಬರೆಯಲಾರೆ. ಬೈಯಬೇಕು ಅನಿಸಲಿಲ್ಲ. ಉತ್ತರ ಕೊಡಬೇಕು ಅನಿಸಿತು. ನನ್ನ ಉತ್ತರ ತಾಮ್ರದಲ್ಲಿತ್ತು.

ಅಮ್ಮ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದಳು. ಹಿಂಬದಿಯ ಸೀಳಿನಿಂದ ಒಳಗೆ ಇಣುಕಿದಳು.

"ಇದರೊಳಗಿಂದು ಎಲ್ಲಿಗೆ ಹೋಯ್ತು?"

"ಇಲ್ಲೇ ಅಮ್ಮ. ಹತ್ತಿರದಲ್ಲೇ ಎಲ್ಲೋ ಕಲ್ಲಿನ ಸಂದಿಯಲ್ಲಿರುತ್ತೆ. ಸತ್ತಿಲ್ಲ ಅದು."

ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದಳು: "ಆದ್ರೆ ನಾನು ಎಣ್ಣೆ ಹಚ್ಚಿ, ಸ್ನಾನ ಮಾಡಿಸಿ ಬೆಳೆಸಿದ್ದು ಈ ಚಿಪ್ಪನ್ನಲ್ವಾ?"

ಅವಳು ಹೇಳಿದ್ದರಲ್ಲಿ ಸತ್ಯವಿತ್ತು. ಏಡಿ ತನ್ನ ಹಳೆಯ ಚಿಪ್ಪನ್ನು ಬಿಟ್ಟು ಹೋಗುತ್ತದೆ. ನಾನು ಯಾವುದನ್ನು ಬಿಟ್ಟು ಹೋದೆ? ಅಮ್ಮ ಎಣ್ಣೆ ಹಚ್ಚಿದ ಮೈ ಇದೇ. ಅಪ್ಪನ ಹೆಗಲ ಮೇಲೆ ಕೂತದ್ದು ನಾನೇ. ಶಾಲೆಯ ಕಾರಿಡಾರಿನಲ್ಲಿ ಗೋಡೆಗೆ ಒತ್ತಿಕೊಂಡು ನಡೆದದ್ದೂ ನಾನೇ. ಟ್ರಾನ್ಸ್ ಆದವರು ಹಿಂದಿನದನ್ನೆಲ್ಲ ಅಳಿಸಿಬಿಡಬೇಕು, ಹೊಸದಾಗಿ ಹುಟ್ಟಬೇಕು ಅನ್ನುವ ಮಾತು ಬಹಳ ಕೇಳಿದ್ದೇನೆ. ಹಾಗೆ ಬದುಕುವವರ ಮೇಲೆ ನನಗೆ ಗೌರವವಿದೆ. ಕೆಲವರಿಗೆ ಹಿಂದಿನದು ಬರೀ ನೋವು. ನನಗೆ ಅದು ಹೊಂದುವುದಿಲ್ಲ. ನನ್ನ ಬಾಲ್ಯ ನನಗೆ ಬೇಕು.

ಹೀಗೆ ನಾಟಿಲಸ್ ನನ್ನ ಮಣೆಗೆ ಬಂತು.

ನಾಟಿಲಸ್ ಸುರುಳಿ ಚಿಪ್ಪಿನ ಜೀವಿ, ಆಕ್ಟೋಪಸ್‌ನ ದೂರದ ನೆಂಟ. ಬೆಳೆದಂತೆಲ್ಲ ಅದು ಚಿಪ್ಪಿನ ಬಾಯಿಯ ಕಡೆ ಮುಂದಕ್ಕೆ ಸರಿದು, ಹಿಂದೆ ಒಂದು ಗೋಡೆ ಕಟ್ಟುತ್ತದೆ. ಹಾಗೆ ಗೋಡೆ ಕಟ್ಟುತ್ತಾ ಕಟ್ಟುತ್ತಾ ದೊಡ್ಡದಾದಾಗ ಒಳಗೆ ಮೂವತ್ತಕ್ಕಿಂತ ಜಾಸ್ತಿ ಕೋಣೆಗಳಾಗಿರುತ್ತವೆ. ಅದು ವಾಸ ಮಾಡುವುದು ಕಡೆಯ ಕೋಣೆಯಲ್ಲಿ ಮಾತ್ರ. ಹಳೆಯ ಕೋಣೆಗಳು ವ್ಯರ್ಥವಲ್ಲ. ಅವುಗಳೊಳಗಿನ ನೀರನ್ನು ಹೊರಗೆಳೆದು ಗಾಳಿ ತುಂಬುವುದರಿಂದಲೇ ಆ ಭಾರದ ಚಿಪ್ಪು ನೂರಾರು ಮೀಟರ್ ಆಳದಲ್ಲಿ ಮುಳುಗದೆ ನಿಲ್ಲುವುದು. ಪ್ರತಿ ಗೋಡೆಯಲ್ಲೂ ಒಂದು ಸಣ್ಣ ತೂತು ಇರುತ್ತದೆ. ಆ ತೂತುಗಳ ಮೂಲಕ ಒಂದು ಜೀವಂತ ನಾಳ ಹಾದು ಮೊಟ್ಟಮೊದಲ ಕೋಣೆಯವರೆಗೂ ಹೋಗುತ್ತದೆ.

ಇದನ್ನು ಬೆಳ್ಳಿಯಲ್ಲಿ ಮಾಡುವುದು ತಲೆನೋವಿನ ಕೆಲಸ. ಚಿಪ್ಪನ್ನು ಎರಡು ಅರೆಗಳಾಗಿ ಬಡಿದು ಎಬ್ಬಿಸಬೇಕು, ಒಳಗೆ ಗೋಡೆಗಳನ್ನು ಬೆಸೆಯಬೇಕು, ಕಡೆಗೆ ಎರಡೂ ಅರೆಗಳನ್ನು ಕೂಡಿಸಬೇಕು. ಬೆಸುಗೆಯಲ್ಲಿ ಗಟ್ಟಿ, ಮಧ್ಯಮ, ಮೆದು ಅಂತ ಬಗೆಗಳಿವೆ. ಗಟ್ಟಿ ಬೆಸುಗೆ ಕರಗಲು ಹೆಚ್ಚು ಬಿಸಿ ಬೇಕು, ಮೆದುವಿಗೆ ಕಡಿಮೆ ಸಾಕು. ಮೊದಲ ಕೂಡುಗಳಿಗೆ ಗಟ್ಟಿಯದು, ಆಮೇಲಿನವಕ್ಕೆ ಮೆದುವಿನದು. ಇಲ್ಲದಿದ್ದರೆ ಹೊಸ ಕೂಡು ಹಾಕುವ ಬಿಸಿಗೆ ಹಳೆಯ ಕೂಡು ಬಿಟ್ಟುಕೊಳ್ಳುತ್ತದೆ. ಕೂಡಿಗೆ ಬಿಳಿಗಾರ ಹಚ್ಚಿ ಬೆಂಕಿ ತೋರಿಸಿದರೆ, ಬಿಸಿ ಎಲ್ಲಿ ಜಾಸ್ತಿಯೋ ಅತ್ತ ಬೆಸುಗೆ ಹರಿಯುತ್ತದೆ.

ಇಲ್ಲೇ ಒಂದು ಅಪಾಯವಿದೆ. ಒಳಗೆ ಪೊಳ್ಳಿರುವ ಆಕಾರವನ್ನು ಪೂರ್ತಿ ಮುಚ್ಚಿ ಕಾಯಿಸಬಾರದು. ಒಳಗಿನ ಗಾಳಿ ಹಿಗ್ಗುತ್ತದೆ. ಒಂದು ಹನಿ ನೀರು ಸಿಕ್ಕಿಕೊಂಡಿದ್ದರಂತೂ ಹಬೆಯಾಗಿ, ಕೈಯಲ್ಲಿದ್ದದ್ದು ಸಿಡಿಯಬಹುದು. ಅದಕ್ಕೇ ಎಂಥ ಪೊಳ್ಳು ಕೆಲಸವಾದರೂ ಎಲ್ಲೋ ಒಂದು ಕಡೆ ಸಣ್ಣ ತೂತು ಬಿಡುವುದು ನಿಯಮ. ಎಲ್ಲಿ ಬಿಟ್ಟರೆ ಕಾಣುವುದಿಲ್ಲ ಅಂತ ನಾವೆಲ್ಲ ಒದ್ದಾಡುತ್ತೇವೆ. ನಾಟಿಲಸ್‌ನಲ್ಲಿ ಆ ಒದ್ದಾಟವೇ ಇರಲಿಲ್ಲ. ಪ್ರತಿ ಗೋಡೆಯಲ್ಲೂ ತೂತು ಆಗಲೇ ಇದೆ. ಅಲ್ಲೇ ಕೊರೆದೆ. ಮೊದಲ ಕೋಣೆಯಿಂದ ಕಡೆಯ ಕೋಣೆಯವರೆಗೂ ಗಾಳಿಗೆ ದಾರಿಯಾಯಿತು, ನಿರ್ಭಯವಾಗಿ ಬೆಂಕಿ ತೋರಿಸಿದೆ.

ಆ ದಿನ ಕೆಲಸ ನಿಲ್ಲಿಸಿ ಹೊರಗೆ ಬಂದು ಕೂತಿದ್ದು ನೆನಪಿದೆ. ಹಿಂದಿನ ಬದುಕಿನ ಕೋಣೆಗಳನ್ನು ಭದ್ರವಾಗಿ ಮುಚ್ಚಿಟ್ಟು, ಇನ್ನು ಅದರ ಮಾತೇ ಬೇಡ ಅಂದಿರುವ ನನ್ನ ಗೆಳತಿಯರು ಕಣ್ಣ ಮುಂದೆ ಬಂದರು. ಕೆಲವರು ಹಳೆಯ ಫೋಟೋ ಒಂದು ಕಂಡರೆ ಒಡೆದುಹೋಗುತ್ತಾರೆ. ಅವರಿಗೆ ಇದನ್ನು ಹೇಳಬೇಕು ಅನಿಸಿತು. ಹೇಗೆ ಹೇಳುವುದು ಗೊತ್ತಾಗಲಿಲ್ಲ. ಬೆಳ್ಳಿ ಚಿಪ್ಪನ್ನು ಕೈಗೆ ಕೊಟ್ಟು ತೂತುಗಳನ್ನು ತೋರಿಸುತ್ತೇನೆ.

ಆ ಗೋಡೆಗಳಲ್ಲಿ ಒಂದು ಅಪ್ಪನ ಉಂಗುರ. ಚಿಕ್ಕಂದಿನಲ್ಲಿ ಅಪ್ಪ ನನಗೆ ಬೆಳ್ಳಿ ಉಂಗುರ ಮಾಡಿಸಿದ್ದರು. ನನ್ನ ಹಳೆಯ ಹೆಸರಿನ ಮೊದಲ ಅಕ್ಷರ ಅದರ ಮೇಲಿತ್ತು. ಏಡಿ ನೋಡಿ ಹೋದ ಅಮ್ಮ ಮುಂದಿನ ಸಲ ಬಂದಾಗ ಅದನ್ನು ಕೈಗಿಟ್ಟು, "ಇದನ್ನ ಏನಾದ್ರೂ ಮಾಡು" ಅಂದಳು. ಕರಗಿಸಬಹುದಿತ್ತು. ಕರಗಿದರೆ ಬೆಳ್ಳಿ ಬೆಳ್ಳಿಯೇ, ಅಕ್ಷರ ಹೋಗುತ್ತಿತ್ತು. ನಾನು ಉಂಗುರವನ್ನು ಕತ್ತರಿಸಿ, ಕಾಯಿಸಿ, ತಟ್ಟಿ ತಗಡು ಮಾಡಿದೆ. ಅಕ್ಷರ ಎಳೆದಾಡಿ ಅರ್ಧ ಮಾಸಿತು, ಪೂರ್ತಿ ಹೋಗಲಿಲ್ಲ. ಎರಡನೇ ಗೋಡೆ ಅದು. ಹೊರಗಿನಿಂದ ಕಾಣುವುದಿಲ್ಲ. ಅಮ್ಮನಿಗೆ ಎಲ್ಲಿದೆ ಅಂತ ಗೊತ್ತು.

ಅಮ್ಮ ಈಗ ಎಲ್ಲವನ್ನೂ ಒಪ್ಪಿದ್ದಾಳೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಒಮ್ಮೊಮ್ಮೆ ಹಳೆಯ ಹೆಸರು ಬಾಯಿಗೆ ಬರುತ್ತದೆ, ತಿದ್ದಿಕೊಳ್ಳುತ್ತಾಳೆ. ತೀರಿಕೊಂಡ ಅನ್ನುವ ಮಾತನ್ನು ಮತ್ತೆ ಆಡಿಲ್ಲ.

ಹಾರ್ಮೋನ್ ಬಗ್ಗೆಯೂ ಬರೆಯಬೇಕು, ಯಾಕೆಂದರೆ ಜನ ಅದನ್ನೊಂದು ಮಾಯಾದ್ರವ್ಯ ಅಂದುಕೊಂಡಿದ್ದಾರೆ. ಹೊರಗಿನದೇನೋ ಮೈಯನ್ನು ವಶ ಮಾಡಿಕೊಂಡ ಹಾಗೆ ಮಾತಾಡುತ್ತಾರೆ. ಇದಕ್ಕೆ ನನ್ನ ಬಳಿ ಒಂದು ಬಸವನಹುಳು ಇದೆ.

ಹಿಂದೂ ಮಹಾಸಾಗರದ ತಳದಲ್ಲಿ, ಎರಡು ಕಿಲೋಮೀಟರಿಗೂ ಜಾಸ್ತಿ ಆಳದಲ್ಲಿ, ಬಿಸಿನೀರು ಉಕ್ಕುವ ಬಿರುಕುಗಳಿವೆ. ಅಲ್ಲಿನ ಕೈರೇ ಎಂಬ ಜಾಗದಲ್ಲಿ 2001ರಲ್ಲಿ ಒಂದು ಬಸವನಹುಳು ಸಿಕ್ಕಿತು. ಅದರ ಪಾದದ ತುಂಬಾ ಹುರುಪೆಗಳು. 'ಹುರುಪೆಗಾಲಿನ ಬಸವನಹುಳು' ಅನ್ನಬಹುದು. ಆ ಹುರುಪೆಗಳ ಮೇಲೆ, ಚಿಪ್ಪಿನ ಹೊರಪದರದ ಮೇಲೆ ಕಬ್ಬಿಣ ಮತ್ತು ಗಂಧಕ ಸೇರಿದ ಕಪ್ಪು ಲೇಪ. ಮೈಗೆ ಕಬ್ಬಿಣದ ಕವಚ ತೊಡುವ ಜೀವಿ ಅಂತ ಓದಿದಾಗ ಲೋಹದ ಕೆಲಸದವಳಾದ ನನಗೆ ರೋಮಾಂಚನವಾಗಿತ್ತು. ಇದರಲ್ಲಿ ಗಂಡು ಬೇರೆ, ಹೆಣ್ಣು ಬೇರೆ ಇಲ್ಲ. ಒಂದೇ ಮೈಯಲ್ಲಿ ಎರಡೂ ಇವೆ. ಅದು ಕೂಡ ಇಷ್ಟವಾಯಿತು, ಆದರೆ ನನ್ನನ್ನು ಹಿಡಿದಿಟ್ಟದ್ದು ಬೇರೆ ಸಂಗತಿ. ಸಾಲಿಟೇರ್ ಎಂಬ ಇನ್ನೊಂದು ಬಿಸಿನೀರಿನ ತಾಣದಲ್ಲೂ ಇದೇ ಜಾತಿಯ ಹುಳುಗಳಿವೆ. ಅಲ್ಲಿನ ನೀರಿನಲ್ಲಿ ಕಬ್ಬಿಣ ಬಹಳ ಕಡಿಮೆ. ಅಲ್ಲಿನವು ಬೆಳ್ಳಗಿವೆ. ಕವಚ ಆಗುವ ಬಗೆಯನ್ನು 2019ರಲ್ಲಿ ವಿಜ್ಞಾನಿಗಳು ವಿವರಿಸಿದರು. ಗಂಧಕ ಹುಳುವಿನ ಮೈಯೊಳಗಿನಿಂದ ಹುರುಪೆಯ ಸೂಕ್ಷ್ಮ ನಾಳಗಳ ಮೂಲಕ ಬರುತ್ತದೆ, ಕಬ್ಬಿಣ ಹೊರಗಿನ ನೀರಿನಿಂದ. ಎರಡೂ ಹುರುಪೆಯಲ್ಲಿ ಸೇರುತ್ತವೆ.

ನಾನು ತಗೊಂಡ ಹಾರ್ಮೋನ್ ಈಸ್ಟ್ರೊಜೆನ್ ಕೂಡ ನನ್ನ ಮೈಯಲ್ಲಿ ಹೀಗೆಯೇ ಕೆಲಸ ಮಾಡಿತು. ಈಸ್ಟ್ರೊಜೆನ್ನನ್ನು ಗುರುತಿಸಿ ಹಿಡಿಯುವ ಗ್ರಾಹಕಗಳು ಎಲ್ಲ ಮನುಷ್ಯರ ಜೀವಕೋಶಗಳಲ್ಲೂ ಇವೆ, ಗಂಡಸರಲ್ಲೂ. ಹುಟ್ಟಿದಾಗಿನಿಂದ ಅವು ನನ್ನಲ್ಲಿದ್ದವು. ಹೊರಗಿನಿಂದ ಬಂದದ್ದು ಒಳಗಿದ್ದದ್ದನ್ನು ಸೇರಿತು. ಚರ್ಮ ನಯವಾಯಿತು, ಮೈಯ ಕೊಬ್ಬು ಬೇರೆ ಜಾಗ ಹಿಡಿಯಿತು, ಎದೆ ನೋಯುತ್ತಾ ನೋಯುತ್ತಾ ಬೆಳೆಯಿತು. ಇದಕ್ಕೆಲ್ಲ ವರ್ಷಗಳು ಹಿಡಿಯುತ್ತವೆ. ಅವಸರ ಮಾಡಿದರೆ ಏನೂ ಆಗುವುದಿಲ್ಲ. ಒಡೆದ ದನಿಯನ್ನು ಮಾತ್ರ ಅದು ಮುಟ್ಟುವುದಿಲ್ಲ. ಹದಿಹರೆಯದಲ್ಲಿ ಗಂಟಲು ಒಮ್ಮೆ ದಪ್ಪವಾದರೆ ಈಸ್ಟ್ರೊಜೆನ್ ಅದನ್ನು ಹಿಂದಕ್ಕೆ ತರಲಾರದು. ದನಿಯನ್ನು ಅಭ್ಯಾಸದಿಂದಲೇ ತಿದ್ದಬೇಕು. ನಾನು ಅರ ತಿಕ್ಕುತ್ತಾ, ಅದರ ಸದ್ದಿನ ಮೇಲೆ ದನಿ ಏರಿಸಿ ಹಾಡಿಕೊಂಡು ಅಭ್ಯಾಸ ಮಾಡಿದೆ. ಅರದ ಸದ್ದಿದ್ದರೆ ಪಕ್ಕದ ಮನೆಯವರಿಗೆ ಕೇಳುವುದಿಲ್ಲ ಅನ್ನುವ ಧೈರ್ಯ.

ಈ ಹುಳುವನ್ನು 2019ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿದರು. ಸಾಗರತಳದ ಗಣಿಗಾರಿಕೆಯ ಭಯ ಅದಕ್ಕೆ ಕಾರಣ. ಆ ಬಿರುಕುಗಳ ಸುತ್ತ ಲೋಹವಿದೆ, ಲೋಹಕ್ಕಾಗಿ ಮನುಷ್ಯರು ಅಲ್ಲಿಗೂ ಇಳಿಯಲು ಹೊರಟಿದ್ದಾರೆ. ಲೋಹ ಕೊಂಡು ಬದುಕುವವಳು ನಾನು. ಹಾಗಾಗಿ ಆದಷ್ಟೂ ಹಳೆಯ ಬೆಳ್ಳಿ ಕರಗಿಸಿಯೇ ಕೆಲಸ ಮಾಡುತ್ತೇನೆ. ಇದು ಸಣ್ಣದು ಅಂತ ಗೊತ್ತು, ಆದರೂ ಬಿಡಲಾರೆ.

ಹುಳುವನ್ನು ಜೋಡಿಯಾಗಿ ಮಾಡಿದ್ದೇನೆ. ಒಂದನ್ನು ಗಂಧಕದ ದ್ರಾವಣದಲ್ಲಿ ಅದ್ದಿ ಕಪ್ಪು ಮಾಡಿದೆ. ಬೆಳ್ಳಿಗೆ ಗಂಧಕ ತಾಗಿದರೆ ಕಪ್ಪಾಗುವುದು ಎಲ್ಲರಿಗೂ ಗೊತ್ತಿರುವುದೇ. ಇನ್ನೊಂದು ಬಿಳಿ. ಒಂದೇ ಅಚ್ಚು, ಒಂದೇ ಬೆಳ್ಳಿ. ನೋಡಿದವರು ಯಾವುದು ಮೊದಲಿನದು, ಯಾವುದು ಆಮೇಲಿನದು ಅಂತ ಕೇಳುತ್ತಾರೆ. ಟ್ರಾನ್ಸ್ ಜನರ ಎರಡು ಫೋಟೋ ಅಕ್ಕಪಕ್ಕ ಇಟ್ಟು ನೋಡಿ ನೋಡಿ ಬಂದ ಅಭ್ಯಾಸ ಅದು. ನನಗೆ ಆ ಜೋಡಿ ಫೋಟೋಗಳು ಒಂದಿಷ್ಟೂ ಹಿಡಿಸುವುದಿಲ್ಲ. ನಡುವೆ ನಡೆದ ಕೆಲಸವನ್ನೆಲ್ಲ ಅವು ನುಂಗಿಬಿಡುತ್ತವೆ. ಈ ಹುಳುಗಳಲ್ಲಿ ಮೊದಲು, ಆಮೇಲೆ ಇಲ್ಲ. ಎರಡೂ ಈಗಲೇ ಬದುಕುತ್ತಿವೆ, ಬೇರೆ ಬೇರೆ ನೀರಿನಲ್ಲಿ.

ಇತ್ತೀಚೆಗೆ ನನ್ನ ಹತ್ತಿರ ಒಬ್ಬ ಹುಡುಗ ಕೆಲಸ ಕಲಿಯಲು ಬರುತ್ತಾನೆ. ಟ್ರಾನ್ಸ್ ಹುಡುಗ, ಹುಟ್ಟಿದಾಗ ಎಲ್ಲರೂ ಹೆಣ್ಣು ಅಂದವನು. ಅವನಿಗೆ ಕಡಲಕುದುರೆ ಮಾಡುವ ಆಸೆ. ಹೆಣ್ಣು ಕಡಲಕುದುರೆ ತನ್ನ ಮೊಟ್ಟೆಗಳನ್ನು ಗಂಡಿನ ಹೊಟ್ಟೆಯ ಚೀಲಕ್ಕೆ ಇಳಿಸುತ್ತದೆ. ಅವುಗಳನ್ನು ಹೊತ್ತು, ಪೋಷಿಸಿ, ಹೆರುವುದು ಗಂಡು. ಎಲ್ಲ ಓದಿಕೊಂಡೇ ಬಂದಿದ್ದ.

"ಅಕ್ಕ, ಹೊತ್ತುಕೊಂಡ ಮಾತ್ರಕ್ಕೆ ಅದನ್ನ ಯಾರೂ ಹೆಣ್ಣು ಅನ್ನಲ್ಲ ಅಲ್ವಾ?"

"ಇಲ್ಲ. ಗಂಡು ಅಂತಲೇ ಬರೀತಾರೆ."

ಪ್ರಾಣಿಗಳನ್ನು ಸಾಕ್ಷಿಗೆ ಕರೆಯಬಾರದು ಅಂತ ನಾನು ಅವನಿಗೆ ಹೇಳಲಿಲ್ಲ. ಅವನಿಗೆ ಈಗ ಅದು ಬೇಕು. ನನಗೂ ಬೇಕಾಗಿತ್ತು.

ಹೊಟ್ಟೆಯ ಚೀಲಕ್ಕೆ ತೆರೆಯುವ ಬಾಗಿಲು ಬೇಕಂತೆ. ಬಾಗಿಲು ತಿರುಗುವ ಕೀಲಿಗೆ ಮೂರು ತುಂಡು ಕೊಳವೆ ಬೇಕು. ನಡುವಿನದು ಬಾಗಿಲಿಗೆ, ಅಕ್ಕಪಕ್ಕದವು ಮೈಗೆ, ಮೂರರಲ್ಲೂ ಹಾಯುವ ಒಂದು ಕಡ್ಡಿ. ಬೆಸುಗೆ ಕೊಳವೆಯೊಳಗೆ ಹರಿದರೆ ಕೀಲು ತಿರುಗುವುದಿಲ್ಲ, ಹಾಗಾಗಿ ಬೆಂಕಿಯನ್ನು ದೂರದಿಂದ, ಸಮವಾಗಿ ಆಡಿಸಬೇಕು. ಚಿಲಕ ಹೊರಗೆ ಕಾಣುವಂತೆ ಇರಲಿ ಅಂತ ನಾನು. ಚಿಲಕವೇ ಬೇಡ, ಬೆರಳಿನಿಂದ ಒತ್ತಿದರೆ ತೆರೆಯಬೇಕು, ಬಿಟ್ಟರೆ ತಾನೇ ನಿಲ್ಲಬೇಕು ಅಂತ ಅವನು.

"ಹಾಗಾದ್ರೆ ಕೀಲು ತುಂಬಾ ಬಿಗಿ ಬೇಕಾಗುತ್ತೆ ಕಣೋ. ಕೊಳವೆ ನೀನೇ ಎಳೀಬೇಕು, ಅಂಗಡಿದು ಆಗಲ್ಲ."

"ಎಳೀತೀನಿ ಅಕ್ಕ."

ಇದೇ ವಾರ ಶುರು ಮಾಡುತ್ತೇವೆ. ಮೊದಲು ತಗಡು ಕತ್ತರಿಸುವುದು, ಆಮೇಲೆ ಮಡಿಸಿ, ಅಚ್ಚಿನ ತೂತುಗಳಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಒಂದೊಂದಾಗಿ ಎಳೆಯುವುದು. ನಡುನಡುವೆ ಕಾಯಿಸುವುದನ್ನು ಮರೆಯಬೇಡ ಅಂತ ಹೇಳಿದ್ದೇನೆ. ಅವನ ಕೈ ಚಿಕ್ಕದು, ಗುರುಗಳ ಸುತ್ತಿಗೆ ಅವನಿಗೂ ಹೊಂದುತ್ತದೆ.